ಫೋನ್ ಬದಲಾಯಿಸಿದ್ರೆ ಒಳಗಿರೋದೆಲ್ಲ ಜೊತೆಗೆ ಬರುತ್ತಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಆಂಡ್ರಾಯ್ಡ್ ಬಿಟ್ಟು ಐಫೋನ್‌ಗೆ ಹೋಗೋರು, ಐಫೋನ್ ಸಾಕು ಅಂತ ಆಂಡ್ರಾಯ್ಡ್‌ಗೆ ಬರೋರು, ಇನ್ನೂ ವಿಂಡೋಸ್‌ನ ಲೂಮಿಯಾ ಫೋನ್ ಇಟ್ಕೊಂಡಿರೋರು, ಒಬ್ರಂತೂ ಇಪ್ಪತ್ತು ವರ್ಷ ಹಿಂದಿನ ಪಾಮ್ ಕೈಗಂಪ್ಯೂಟರ್ ಬಗ್ಗೆ ಕೇಳಿದಾರೆ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು, ಇವನ್ನೆಲ್ಲ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ಸರ, ನನ್ನ ಕಡೆ ಭಾಳ ವರ್ಷದಿಂದ ಆಂಡ್ರಾಯ್ಡ್ ಫೋನ್ ಐತ್ರಿ. ಈಗ ಮಗಳು ಬೆಂಗಳೂರಿಂದ ಐಫೋನ್ ಕಳಿಸ್ಯಾಳ. ವಾಟ್ಸಾಪ್‌ನ್ಯಾಗ ತೀರ್ಕೊಂಡ ನಮ್ಮ ಮನ್ಯಾರ ದನಿ ಮೆಸೇಜು ಅದಾವ, ಅವು ಹೋದ್ರ ನನಗ ಮತ್ತ ಸಿಗಂಗಿಲ್ಲ. ಅಂಗಡ್ಯಾಂವ "ಗೂಗಲ್‌ನ್ಯಾಗ ಬ್ಯಾಕಪ್ ಐತಿ, ಎಲ್ಲಾ ಬರ್ತಾವ" ಅಂತಾನ. ಖರೇ ಏನ್ರಿ?
(ಓದುಗರು, ಧಾರವಾಡ)

ಉತ್ತರ: ಅಮ್ಮಾ, ಅಂಗಡಿಯವರ ಮಾತು ಪೂರ್ತಿ ನಿಜ ಅಲ್ಲ, ದಯವಿಟ್ಟು ಅದನ್ನ ನಂಬ್ಕೊಂಡು ಹಳೇ ಫೋನ್ ಅಳಿಸೋಕೆ ಹೋಗಬೇಡಿ. ಆಂಡ್ರಾಯ್ಡ್ ವಾಟ್ಸಾಪ್ ತನ್ನ ಬ್ಯಾಕಪ್‌ನ ಗೂಗಲ್ ಡ್ರೈವ್‌ನಲ್ಲಿ ಇಡುತ್ತೆ, ಐಫೋನ್ ವಾಟ್ಸಾಪ್ ಆಪಲ್‌ನ ಐಕ್ಲೌಡ್‌ನಲ್ಲಿ ಇಡುತ್ತೆ, ಒಂದರ ಬ್ಯಾಕಪ್ ಇನ್ನೊಂದಕ್ಕೆ ಓದೋಕೆ ಬರಲ್ಲ. ಹಳೇ ಫೋನ್ ಕೈ ಬಿಟ್ಟ ಮೇಲೆ ಹೊಸ ಐಫೋನ್‌ನಲ್ಲಿ ವಾಟ್ಸಾಪ್ ಹಾಕಿದ್ರೆ ನಂಬರ್ ಬರುತ್ತೆ, ಗ್ರೂಪ್‌ಗಳ ಹೆಸರು ಬರುತ್ತೆ, ಹಳೇ ಮಾತುಕತೆ ಒಂದೂ ಇರಲ್ಲ. ಇದು ಬಹಳ ಮನೆಗಳಲ್ಲಿ ಆಗಿದೆ.

ನೀವು ಮೊದಲು ಮಾಡಬೇಕಾದ್ದು ಬೇರೆ ಎಲ್ಲಾ ಬಿಟ್ಟು ಆ ದನಿಗಳನ್ನ ಹೊರಗೆ ತೆಗೆಯೋದು. ಯಜಮಾನರ ಚಾಟ್ ತೆರೆದು, ಮೇಲೆ ಬಲಗಡೆ ಮೂರು ಚುಕ್ಕೆ ಒತ್ತಿ, ಮೋರ್, ಆಮೇಲೆ ಎಕ್ಸ್‌ಪೋರ್ಟ್ ಚಾಟ್, ಅಲ್ಲಿ ಮೀಡಿಯಾ ಸೇರಿಸು ಅನ್ನೋದನ್ನ ಆರಿಸಿ ನಿಮ್ಮದೇ ಈಮೇಲ್‌ಗೋ ಡ್ರೈವ್‌ಗೋ ಕಳಿಸಿ. ಮೀಡಿಯಾ ಸೇರಿಸಿದ್ರೆ ಕಡೇ 10,000 ಮೆಸೇಜ್‌ವರೆಗೆ ಮಾತ್ರ ಬರುತ್ತೆ, ಮಾತುಕತೆ ಅದಕ್ಕಿಂತ ಉದ್ದ ಇದ್ರೆ ಹಳೇವು ಉಳ್ಕೊಂಡುಬಿಡ್ತವೆ. ಹಾಗಾಗಿ ಮಗಳೋ ಪಕ್ಕದ ಮನೆ ಹುಡುಗರೋ ಬಂದಾಗ ಫೋನ್‌ನ ಕೇಬಲ್ ಹಾಕಿ ಕಂಪ್ಯೂಟರ್‌ಗೆ ಜೋಡಿಸಿ, ಒಳಗೆ ಆಂಡ್ರಾಯ್ಡ್ ಅನ್ನೋ ಫೋಲ್ಡರ್, ಅದರಲ್ಲಿ ಮೀಡಿಯಾ, ಅದರಲ್ಲಿ ವಾಟ್ಸಾಪ್‌ನದು, ಅದರೊಳಗೆ ವಾಟ್ಸಾಪ್ ವಾಯ್ಸ್ ನೋಟ್ಸ್ ಅಂತ ಇರುತ್ತೆ, ಅದನ್ನ ಇಡಿಯಾಗಿ ಕಾಪಿ ಮಾಡಿಸ್ಕೊಳ್ಳಿ. ಆ ಫೈಲ್‌ಗಳು ಓಪಸ್ ಅನ್ನೋ ನಮೂನೆಯವು, ವಿಎಲ್‌ಸಿ ಪ್ಲೇಯರ್‌ನಲ್ಲಿ ಆರಾಮಾಗಿ ಕೇಳಬಹುದು. ಎರಡು ಕಡೆ ಇಡಿ, ಒಂದು ಕಂಪ್ಯೂಟರ್‌ನಲ್ಲಿ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ. ಇಷ್ಟಾದ ಮೇಲೆ ಮುಂದೆ ಏನೇ ಎಡವಟ್ಟಾದ್ರೂ ಅವರ ದನಿ ನಿಮ್ಮ ಹತ್ರ ಇರುತ್ತೆ.

ಇನ್ನು ಸಾಗಿಸೋ ದಾರಿ. ಆಪಲ್‌ನವರು 2015ರಲ್ಲಿ ಮೂವ್ ಟು ಐಓಎಸ್ ಅನ್ನೋ ಆಪ್ ಬಿಟ್ರು, ಅದು ಪ್ಲೇಸ್ಟೋರ್‌ನಲ್ಲೇ ಸಿಗುತ್ತೆ, ಅದನ್ನ ಹಳೇ ಆಂಡ್ರಾಯ್ಡ್‌ನಲ್ಲಿ ಹಾಕ್ಕೋಬೇಕು. ವಾಟ್ಸಾಪ್ ಮಾತ್ರ ಅದರೊಳಗೆ ಸೇರಿದ್ದು 2022ರಲ್ಲಿ. ಐಫೋನ್ ಇನ್ನೂ ಶುರು ಮಾಡದೇ ಇರೋ ಸ್ಥಿತಿಯಲ್ಲಿ ಇರಬೇಕು, ಅಂದ್ರೆ ಡಬ್ಬಿಯಿಂದ ತೆಗೆದು ಮೊದಲ ಸಲ ಆನ್ ಮಾಡಿದಾಗ ಒಂದೊಂದೇ ಪ್ರಶ್ನೆ ಕೇಳ್ತಾ ಹೋಗುತ್ತಲ್ಲ, ಆಗ ಆಂಡ್ರಾಯ್ಡ್‌ನಿಂದ ಡೇಟಾ ತಗೋ ಅನ್ನೋ ಆಯ್ಕೆ ಬರುತ್ತೆ, ಅದನ್ನ ಒತ್ತಿದ್ರೆ ಒಂದು ಕೋಡ್ ತೋರಿಸುತ್ತೆ, ಆ ಕೋಡ್‌ನ ಹಳೇ ಫೋನ್‌ನಲ್ಲಿ ಹಾಕಬೇಕು. ಮಗಳು ಮೊದಲೇ ಎಲ್ಲಾ ಸೆಟ್ ಮಾಡಿ ಕಳಿಸಿದ್ರೆ ಐಫೋನ್‌ನ ಒಂದ್ಸಲ ಅಳಿಸಿ ಮೊದಲಿಂದ ಶುರು ಮಾಡಬೇಕಾಗುತ್ತೆ, ಹೆದರಬೇಡಿ, ಅದರಲ್ಲಿ ನಿಮ್ಮದು ಇನ್ನೂ ಏನೂ ಇಲ್ಲವಲ್ಲ. ಎರಡೂ ಫೋನ್ ಚಾರ್ಜ್‌ಗೆ ಹಾಕಿ, ಪಟ್ಟಿಯಲ್ಲಿ ವಾಟ್ಸಾಪ್ ಮೇಲೆ ಟಿಕ್ ಮಾಡಿ, ಮುಗಿಯೋ ತನಕ ಹಳೇ ಫೋನ್‌ನಲ್ಲಿ ಬೇರೆ ಯಾವ ಆಪ್‌ಗೂ ಹೋಗಬೇಡಿ. ಫೋಟೋ ಜಾಸ್ತಿ ಇದ್ರೆ ಗಂಟೆಗಟ್ಟಲೆ ಹಿಡಿಯುತ್ತೆ, ರಾತ್ರಿ ಊಟ ಆದ ಮೇಲೆ ಇಟ್ರೆ ಒಳ್ಳೇದು. ಆಮೇಲೆ ಐಫೋನ್‌ನಲ್ಲಿ ವಾಟ್ಸಾಪ್ ಹಾಕಿ ಅದೇ ನಂಬರ್ ಕೊಡಿ. ಹಳೇ ಫೋನ್‌ನಲ್ಲಿರೋದು ನೀವಾಗಿ ಅಳಿಸೋವರೆಗೂ ಹಾಗೇ ಇರುತ್ತೆ.

ಪ್ರಶ್ನೆ: ನಾನು ಐಫೋನ್ ಮಾರಿ ಆಂಡ್ರಾಯ್ಡ್ ತಗೊಂಡೆ. ಆವಾಗಿಂದ ಐಫೋನ್ ಇರೋ ಫ್ರೆಂಡ್ಸ್ ಕಳಿಸೋ ಮೆಸೇಜ್ ನಂಗೆ ಬರ್ತಾನೇ ಇಲ್ಲ, ಅವರ ಕಡೆ ಕಳಿಸಿದೆ ಅಂತಾನೇ ತೋರಿಸುತ್ತಂತೆ. ಸಿಮ್ ಹಾಳಾಗಿದ್ಯಾ?
(ಇಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಸಿಮ್ ಸರಿಯಾಗೇ ಇದೆ. ಐಫೋನ್‌ನಿಂದ ಐಫೋನ್‌ಗೆ ಹೋಗೋ ಮೆಸೇಜು ಎಸ್ಸೆಮ್ಮೆಸ್ ಆಗಿ ಹೋಗಲ್ಲ, ಐಮೆಸೇಜ್ ಆಗಿ ಇಂಟರ್ನೆಟ್ ಮೇಲೆ ಹೋಗುತ್ತೆ. ನಿಮ್ಮ ನಂಬರ್ ಇನ್ನೂ ಆಪಲ್‌ನ ಲೆಕ್ಕದಲ್ಲಿ ಐಮೆಸೇಜ್ ನಂಬರ್ ಅಂತಾನೇ ಇದೆ, ಹಾಗಾಗಿ ಫ್ರೆಂಡ್ಸ್ ಕಳಿಸಿದ್ದು ನಿಮ್ಮ ಕೈಲಿಲ್ಲದ ಐಫೋನ್‌ಗೆ ಹೋಗೋಕೆ ನೋಡುತ್ತೆ. ಮಾರೋ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಐಮೆಸೇಜ್, ಫೇಸ್‌ಟೈಮ್ ಎರಡೂ ಆಫ್ ಮಾಡಿದ್ರೆ ಈ ತೊಂದ್ರೆ ಬರ್ತಿರಲಿಲ್ಲ. ಈಗಲೂ ದಾರಿ ಇದೆ, ಇದೇ ತೊಂದರೆಗೆ ಅಂತಾನೇ ಆಪಲ್‌ನವರು 2014ರಲ್ಲಿ ಒಂದು ವೆಬ್ ಪುಟ ಮಾಡಿದ್ರು, ಡೀರಿಜಿಸ್ಟರ್ ಐಮೆಸೇಜ್ ಅಂತ ಹುಡುಕಿ, ಆಪಲ್‌ನ ಸ್ವಂತ ಸೈಟೇ ಹೌದಾ ನೋಡ್ಕೊಳ್ಳಿ, ನಿಮ್ಮ ನಂಬರ್ ಹಾಕಿ, ಎಸ್ಸೆಮ್ಮೆಸ್‌ನಲ್ಲಿ ಬರೋ ಕೋಡ್ ಕೊಟ್ರೆ ಮುಗೀತು. ಸ್ವಲ್ಪ ಹೊತ್ತು ಬಿಟ್ಟು ಮೆಸೇಜ್ ಬರೋಕೆ ಶುರುವಾಗ್ತವೆ.

ಐಫೋನ್ ಇನ್ನೂ ಮಾರಿಲ್ಲದ ಬೇರೆ ಓದುಗರಿಗೆ ಎರಡು ಮಾತು. ಐಫೋನ್‌ನಿಂದ ಆಂಡ್ರಾಯ್ಡ್‌ಗೆ ವಾಟ್ಸಾಪ್ ಸಾಗಿಸೋದು 2021ರಿಂದ ಸಾಧ್ಯ ಆಗಿದೆ, ಮೊದಲು ಸ್ಯಾಮ್‌ಸಂಗ್ ಫೋನ್‌ಗಳಿಗೆ, ಆಮೇಲೆ ಗೂಗಲ್ ಪಿಕ್ಸೆಲ್‌ಗೆ, ಆಂಡ್ರಾಯ್ಡ್ 12 ಜೊತೆ ಬಂದ ಹೊಸ ಫೋನ್‌ಗಳಿಗೆ. ಇದಕ್ಕೆ ಎರಡೂ ಫೋನ್‌ನ ಕೇಬಲ್‌ನಲ್ಲಿ ಜೋಡಿಸಬೇಕು. ಐಫೋನ್ 15ಕ್ಕಿಂತ ಹಳೇದಾದ್ರೆ ಒಂದು ಕಡೆ ಲೈಟ್ನಿಂಗ್, ಇನ್ನೊಂದು ಕಡೆ ಟೈಪ್ ಸಿ ಇರೋ ಕೇಬಲ್ ಬೇಕು, 15ರಿಂದ ಈಚೆಗೆ ಎರಡೂ ಕಡೆ ಟೈಪ್ ಸಿ. ಮತ್ತೆ, ಮಾರೋ ಮುಂಚೆ ಕಳೆದ ಫೋನ್ ಹುಡುಕೋಕೆ ಇರೋ ಫೈಂಡ್ ಮೈ ಆಫ್ ಮಾಡಿ, ಇಲ್ಲಾಂದ್ರೆ ತಗೊಂಡೋರಿಗೆ ಆ ಫೋನ್ ಲಾಕ್ ಆಗಿ ಕೂತ್ಕೊಳ್ಳುತ್ತೆ, ಅವರು ನಿಮ್ಮನ್ನೇ ಹುಡುಕ್ಕೊಂಡು ಬರ್ತಾರೆ.

ಪ್ರಶ್ನೆ: ಹಳೇ ಫೋನ್‌ನಿಂದ ನಂಬರ್‌ಗಳನ್ನ ಒಂದು ಫೈಲ್ ಮಾಡಿ ಹೊಸದಕ್ಕೆ ಹಾಕಿದೆ. ಇಂಗ್ಲಿಷ್‌ನಲ್ಲಿದ್ದ ಹೆಸರು ಸರಿ ಬಂತು, ಕನ್ನಡದಲ್ಲಿ ಸೇವ್ ಮಾಡಿದ್ದ ಹೆಸರೆಲ್ಲ ಈಕ್ವಲ್ ಗುರುತು, ಇ, ಸೊನ್ನೆ, ಬಿ, ಎರಡು ಅಂತ ಏನೇನೋ ಬಂದಿದೆ. ಕನ್ನಡದಲ್ಲಿ ಬರೆದಿದ್ದೇ ತಪ್ಪಾಯ್ತಾ?
(ಅಂಗನವಾಡಿ ಕಾರ್ಯಕರ್ತೆ, ಚಿಂತಾಮಣಿ)

ಉತ್ತರ: ಖಂಡಿತ ಇಲ್ಲ, ಕನ್ನಡದಲ್ಲೇ ಬರೀತಾ ಇರಿ ಮೇಡಂ. ನೀವು ಮಾಡಿದ್ದು ವಿಸಿಎಫ್ ಫೈಲ್. ಅದರ ಹಳೇ ಆವೃತ್ತಿ 2.1 ಇಂಗ್ಲಿಷ್ ಅಕ್ಷರಗಳನ್ನ ಮನಸ್ಸಲ್ಲಿಟ್ಟು ಮಾಡಿದ್ದು, ಅದರಲ್ಲಿ ಕನ್ನಡ ಹಾಕಬೇಕಾದಾಗ ಪ್ರತಿ ಅಕ್ಷರನೂ ಸಂಕೇತವಾಗಿ ಬರೀತಾರೆ. ಎಲ್ಲಾ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡೋ ಯುನಿಕೋಡ್‌ನ ಯುಟಿಎಫ್-8 ರೀತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೆ ಮೂರು ಬೈಟ್, ಅದರ ಶುರು ಯಾವಾಗ್ಲೂ ಇ ಸೊನ್ನೆ, ಆಮೇಲೆ ಬಿ ಎರಡು ಅಥವಾ ಬಿ ಮೂರು. ನಿಮಗೆ ಕಾಣ್ತಿರೋದು ಅದೇ. ಹೆಸರು ಕಳೆದಿಲ್ಲ, ಹೊಸ ಫೋನ್ ಆ ಸಂಕೇತನ ಬಿಡಿಸ್ಕೊಂಡಿಲ್ಲ ಅಷ್ಟೇ.

ಸರಿ ಮಾಡೋಕೆ, ಹೊಸ ಫೋನ್‌ಗೆ ಬಂದಿರೋ ಕೆಟ್ಟ ಹೆಸರುಗಳನ್ನ ಅಳಿಸಿ. ಹಳೇ ಫೋನ್‌ನಲ್ಲಿ ನಂಬರ್‌ಗಳು ಫೋನ್ ಒಳಗೆ ಸೇವ್ ಆಗಿದಾವೋ ಗೂಗಲ್ ಖಾತೆಯಲ್ಲೋ ನೋಡಿ, ಫೋನ್ ಒಳಗಿದ್ರೆ ಎಲ್ಲಾನೂ ಗೂಗಲ್ ಖಾತೆಗೆ ಸರಿಸಿ, ಸಿಂಕ್ ಆನ್ ಮಾಡಿ. ಹೊಸದರಲ್ಲಿ ಅದೇ ಜಿಮೇಲ್ ಹಾಕಿದ್ರೆ ಕನ್ನಡ ಹೆಸರು ಕನ್ನಡದಲ್ಲೇ ಬರ್ತವೆ. ಹೊಸದು ಐಫೋನ್ ಆದ್ರೂ ಇದು ನಡೆಯುತ್ತೆ, ಸೆಟ್ಟಿಂಗ್ಸ್‌ನಲ್ಲಿ ಜಿಮೇಲ್ ಖಾತೆ ಸೇರಿಸಿ ಅದರಲ್ಲಿ ಕಾಂಟ್ಯಾಕ್ಟ್ಸ್ ಆನ್ ಮಾಡಬೇಕು, ಎಷ್ಟೋ ಜನ ಮೇಲ್ ಒಂದನ್ನೇ ಆನ್ ಮಾಡಿ ನಂಬರ್ ಬರಲಿಲ್ಲ ಅಂತಾರೆ. ಸಿಮ್ ಮೇಲೆ ನಂಬರ್ ಸೇವ್ ಮಾಡೋ ಅಭ್ಯಾಸ ಇದ್ರೆ ಬಿಟ್ಟುಬಿಡಿ, ಅದರಲ್ಲಿ ಜಾಗನೂ ಕಮ್ಮಿ, ಉದ್ದ ಹೆಸರು ಅರ್ಧಕ್ಕೇ ಕತ್ತರಿಸಿ ಹೋಗುತ್ತೆ, ಕನ್ನಡದಲ್ಲಾದ್ರೆ ಇನ್ನೂ ಬೇಗ.

ಪ್ರಶ್ನೆ: ಕಿರಾಣಿ ಅಂಗಡಿ ನಮ್ದು, ದಿನಕ್ಕೆಲ್ಲಾ ಯುಪಿಐಲೇ ವ್ಯವಹಾರ. ಐಫೋನ್‌ಗೆ ಬದಲಾಯಿಸಿದ್ರೆ ಬ್ಯಾಂಕ್‌ಗೆ ಹೋಗ್ಬೇಕಾ, ಪಿನ್ ಬದಲಾಗುತ್ತಾ?
(ವ್ಯಾಪಾರಿ, ದಾವಣಗೆರೆ)

ಉತ್ತರ: ಬ್ಯಾಂಕ್‌ಗೆ ಹೋಗೋ ಅಗತ್ಯ ಇಲ್ಲ. ಬ್ಯಾಂಕ್ ಖಾತೆ ಅಂಟಿರೋದು ನಿಮ್ಮ ಮೊಬೈಲ್ ನಂಬರ್‌ಗೆ. ಹೊಸ ಫೋನ್‌ನಲ್ಲಿ ಆಪ್ ಹಾಕಿದಾಗ ಅದು ಈ ಫೋನ್‌ನಲ್ಲಿ ಆ ಸಿಮ್ ಇದ್ಯಾ ಅಂತ ಖಾತ್ರಿ ಮಾಡ್ಕೊಳ್ಳೋಕೆ ಒಂದು ಎಸ್ಸೆಮ್ಮೆಸ್ ಕಳಿಸುತ್ತೆ. ಆಂಡ್ರಾಯ್ಡ್‌ನಲ್ಲಿ ಅದು ತಾನೇ ಹೋಗುತ್ತೆ. ಐಫೋನ್‌ನಲ್ಲಿ ಯಾವ ಆಪ್‌ಗೂ ನಿಮ್ಮನ್ನ ಕೇಳದೆ ಎಸ್ಸೆಮ್ಮೆಸ್ ಕಳಿಸೋಕೆ ಬಿಡಲ್ಲ, ಬರೆದಿಟ್ಟ ಮೆಸೇಜ್ ತೋರಿಸುತ್ತೆ, ಕಳಿಸೋ ಗುಂಡಿ ನೀವೇ ಒತ್ತಬೇಕು. ಅದರಲ್ಲಿರೋ ಅಕ್ಷರ ಒಂದೂ ಬದಲಾಯಿಸಬೇಡಿ. ಎರಡು ಸಿಮ್ ಇದ್ರೆ ಬ್ಯಾಂಕ್‌ಗೆ ಕೊಟ್ಟಿರೋ ನಂಬರ್‌ನಿಂದಲೇ ಹೋಗ್ತಿದೆಯಾ ನೋಡಿ, ಆ ಸಿಮ್‌ನಲ್ಲಿ ಎಸ್ಸೆಮ್ಮೆಸ್‌ಗೆ ಬೇಕಾದಷ್ಟು ಕರೆನ್ಸಿ ಇರಲಿ. ವೈಫೈ ಇದ್ರೂ ಎಸ್ಸೆಮ್ಮೆಸ್ ಹೋಗದೆ ಜನ ಒದ್ದಾಡೋದು ಇಲ್ಲೇ. ಪಿನ್ ಹಳೇದೇ ನಡೆಯುತ್ತೆ.

ನಿಮ್ಮಂಥ ವ್ಯಾಪಾರಿಗಳು ತಿಳ್ಕೋಬೇಕಾದ ಮುಖ್ಯ ವಿಷಯ ಇನ್ನೊಂದು. ಫೋನ್ ಬದಲಾದ ಮೊದಲ ದಿನ, ಕೆಲವೊಮ್ಮೆ ಎರಡು ಮೂರು ದಿನ, ಹಣ ಕಳಿಸೋದಕ್ಕೆ ₹5,000ದ ಮಿತಿ ಹಾಕ್ತಾರೆ, ಕದ್ದ ಸಿಮ್‌ನಿಂದ ಖಾತೆ ಖಾಲಿ ಮಾಡೋರನ್ನ ತಡೆಯೋಕೆ ಮಾಡಿರೋ ಒಳ್ಳೇ ವ್ಯವಸ್ಥೆ ಅದು. ಗಿರಾಕಿಗಳಿಂದ ಬರೋ ಹಣಕ್ಕೆ ಇದರಿಂದ ತೊಂದ್ರೆ ಇಲ್ಲ, ಆದ್ರೆ ಹೋಲ್‌ಸೇಲ್‌ನೋರಿಗೆ ದುಡ್ಡು ಕಳಿಸೋ ದಿನ ಫೋನ್ ಬದಲಾಯಿಸಬೇಡಿ. ಮತ್ತೆ ಈ ಸಮಯದಲ್ಲಿ "ಬ್ಯಾಂಕಿಂದ ಮಾತಾಡ್ತಿದೀವಿ, ಹೊಸ ಫೋನ್‌ಗೆ ಸೇರಿಸಿಕೊಡ್ತೀವಿ, ಓಟಿಪಿ ಹೇಳಿ" ಅಂತ ಯಾರೇ ಫೋನ್ ಮಾಡಿದ್ರೂ ಇಟ್ಟುಬಿಡಿ.

ಪ್ರಶ್ನೆ: ನಾನು ನಿವೃತ್ತ ಭೂಗರ್ಭಶಾಸ್ತ್ರ ಉಪನ್ಯಾಸಕ. 2003ರ ಸುಮಾರಿಗೆ ಫೀಲ್ಡ್ ಟಿಪ್ಪಣಿಗಳನ್ನೆಲ್ಲ ಪಾಮ್ ಕೈಗಂಪ್ಯೂಟರ್‌ನಲ್ಲಿ ಬರೀತಿದ್ದೆ. ಈಗ ಅದು ಆನ್ ಆಗ್ತಿಲ್ಲ. ಹೊಸ ಬ್ಯಾಟರಿ ಹಾಕಿದ್ರೆ ಟಿಪ್ಪಣಿ ಸಿಗುತ್ತಾ, ಅದನ್ನ ಆಂಡ್ರಾಯ್ಡ್‌ಗೆ ತರೋಕಾಗುತ್ತಾ?
(ಓದುಗರು, ಮೈಸೂರು)

ಉತ್ತರ: ಸರ್, ನಿಮ್ಮ ಪತ್ರ ಓದಿ ತುಂಬ ಖುಷಿಯಾಯ್ತು, ಪಾಮ್‌ನ ಅಷ್ಟು ಶ್ರದ್ಧೆಯಿಂದ ಬಳಸಿದೋರು ನಮ್ಮಲ್ಲಿ ಕಮ್ಮಿ. ಆದ್ರೆ ಕೆಟ್ಟ ಸುದ್ದಿ ಮೊದಲು ಹೇಳಿಬಿಡ್ತೀನಿ. ಆ ಕಾಲದ ಪಾಮ್‌ಗಳು ನೀವು ಬರೆದಿದ್ದನ್ನೆಲ್ಲ ರ‍್ಯಾಮ್‌ನಲ್ಲಿ ಇಡ್ತಿದ್ವು, ಬ್ಯಾಟರಿ ಪೂರ್ತಿ ಖಾಲಿಯಾಗಿ ಹಾಗೇ ಬಿಟ್ರೆ ಎಲ್ಲಾ ಅಳಿಸಿಹೋಗ್ತಿತ್ತು. ಕರೆಂಟ್ ಇಲ್ಲದೇನೂ ಉಳಿಯೋ ಮೆಮೊರಿ ಪಾಮ್‌ಗೆ ಬಂದಿದ್ದು 2004ರ ಕಡೆಗೆ. ಹಾಗಾಗಿ ಯಂತ್ರದೊಳಗೆ ಈಗ ಏನೂ ಉಳಿದಿರಲಾರದು, ಬ್ಯಾಟರಿಗೆ ದುಡ್ಡು ಹಾಕಬೇಡಿ.

ಆದ್ರೆ ನೀವು ಆಗ ಅದನ್ನ ಕಂಪ್ಯೂಟರ್‌ಗೆ ಜೋಡಿಸಿದ ತೊಟ್ಟಿಲಿನಂಥ ಸ್ಟ್ಯಾಂಡ್‌ಗೆ ಕೂರಿಸಿ ಹಾಟ್‌ಸಿಂಕ್ ಗುಂಡಿ ಒತ್ತುತಿದ್ರಲ್ಲ, ಪ್ರತಿ ಸಲ ಒತ್ತಿದಾಗಲೂ ಒಂದು ಪೂರ್ತಿ ನಕಲು ಕಂಪ್ಯೂಟರ್‌ನಲ್ಲಿ ಕೂತಿರುತ್ತೆ. ಆ ಹಳೇ ಕಂಪ್ಯೂಟರ್, ಕಡೇಪಕ್ಷ ಅದರ ಹಾರ್ಡ್‌ಡಿಸ್ಕ್, ಅಟ್ಟದ ಮೇಲೆ ಇದ್ಯಾ ಹುಡುಕಿಸಿ. ಅದರಲ್ಲಿ ಪಾಮ್ ಅನ್ನೋ ಫೋಲ್ಡರ್, ಅದರೊಳಗೆ ನೀವು ಇಟ್ಟಿದ್ದ ಹೆಸರಿನದೊಂದು ಫೋಲ್ಡರ್ ಇರುತ್ತೆ, ಮೊದಲು ಅದನ್ನ ಇದ್ದ ಹಾಗೇ ಪೆನ್‌ಡ್ರೈವ್‌ಗೆ ತಗೊಳ್ಳಿ. ಆಮೇಲೆ ಪಾಮ್ ಡೆಸ್ಕ್‌ಟಾಪ್ ಪ್ರೋಗ್ರಾಂ ತೆರೆದು ವಿಳಾಸಗಳನ್ನ ವಿಕಾರ್ಡ್ ಆಗಿ (ಮೇಲೆ ಹೇಳಿದ ವಿಸಿಎಫ್ ಫೈಲ್ ಅದೇ), ಮೆಮೊಗಳನ್ನ ಬರೀ ಟೆಕ್ಸ್ಟ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಹಳೇ ಪಾಮ್‌ನಲ್ಲಿ ಒಂದು ಮೆಮೊಗೆ ಸುಮಾರು 4,000 ಅಕ್ಷರದ ಮಿತಿ ಇತ್ತು, ಹಾಗಾಗಿ ನಿಮ್ಮ ಉದ್ದ ಟಿಪ್ಪಣಿಗಳು ತುಂಡು ತುಂಡಾಗಿ ಇರಬಹುದು, ತಾರೀಖು ನೋಡಿ ಜೋಡಿಸ್ಕೊಳ್ಳಿ. ಟೆಕ್ಸ್ಟ್ ಫೈಲ್ ಆಯ್ತು ಅಂದ್ರೆ ಗೆದ್ದ ಹಾಗೆ, ಅದನ್ನ ಆಂಡ್ರಾಯ್ಡ್ ಓದುತ್ತೆ, ಐಫೋನ್ ಓದುತ್ತೆ, ಮುಂದೆ ಬರೋದೂ ಓದುತ್ತೆ.

ಪಾಮ್‌ನ ಕತೆನೇ ನಮಗೆಲ್ಲ ಪಾಠ. 1996ರಲ್ಲಿ ಪೈಲಟ್ ಅನ್ನೋ ಹೆಸರಲ್ಲಿ ಬಂದ ಮೊದಲ ಪಾಮ್ ಯಂತ್ರ ಕೆಲವೇ ವರ್ಷದಲ್ಲಿ ಎಲ್ಲರ ಜೇಬಿಗೆ ಬಂತು. 2006ರ ಹೊತ್ತಿಗೆ ಪಾಮ್ ಕಂಪನಿನೇ ತನ್ನ ಟ್ರಿಯೋ ಫೋನ್ ಒಂದನ್ನ ಮೈಕ್ರೋಸಾಫ್ಟ್‌ನ ವಿಂಡೋಸ್ ಮೊಬೈಲ್ ಹಾಕಿ ಮಾರ್ತು. 2009ರಲ್ಲಿ ಯಂತ್ರ ನಡೆಸೋ ಹಳೇ ತಂತ್ರಾಂಶ ಪಾಮ್ ಓಎಸ್ ಬಿಟ್ಟು ವೆಬ್ಓಎಸ್ ತಂದ್ರು. 2010ರಲ್ಲಿ ಎಚ್‌ಪಿ ಕಂಪನಿ ಪಾಮ್‌ನ ಕೊಂಡ್ಕೊಂಡು 2011ರಲ್ಲಿ ಆ ಫೋನ್, ಟ್ಯಾಬ್ಲೆಟ್ ಎಲ್ಲಾ ನಿಲ್ಲಿಸಿಬಿಡ್ತು. ಅಷ್ಟು ದೊಡ್ಡ ಹೆಸರು ಹದಿನೈದು ವರ್ಷದಲ್ಲಿ ಮುಗೀತು, ಅದನ್ನ ನಂಬಿದ್ದೋರ ಟಿಪ್ಪಣಿಗಳು ಅಟ್ಟ ಸೇರಿದ್ವು. ವೆಬ್ಓಎಸ್ ಮಾತ್ರ ಈಗಲೂ ಎಲ್‌ಜಿ ಟಿವಿಗಳಲ್ಲಿ ಇದೆ.

ಪ್ರಶ್ನೆ: ನಮ್ಮ ಬೆಂಗಳೂರಲ್ಲೂ ಒಂದು ಕೈಗಂಪ್ಯೂಟರ್ ಮಾಡಿದ್ರು ಅಂತ ಅಪ್ಪ ಹೇಳ್ತಿದ್ರು. ನಿಜಾನಾ?
(ಪಿಯು ವಿದ್ಯಾರ್ಥಿನಿ, ಹಾಸನ)

ಉತ್ತರ: ನಿಜ, ಅಪ್ಪ ಹೇಳಿದ್ದು ಸಿಂಪ್ಯೂಟರ್ ಬಗ್ಗೆ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೀತೀವಲ್ಲ, ಆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಅನ್ನೋ ಬೆಂಗಳೂರಿನ ಕಂಪನಿಯೋರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಮಾಡಿದ್ರು. ಲಿನಕ್ಸ್ ಅನ್ನೋ ಮುಕ್ತ ತಂತ್ರಾಂಶದ ಮೇಲೆ ನಡೆಯೋ ಯಂತ್ರ, ಓದು ಬರಹ ಬರದೇ ಇರೋರಿಗೂ ಕಂಪ್ಯೂಟರ್ ಸಿಗಬೇಕು ಅನ್ನೋ ಆಸೆ, ಅದಕ್ಕೆ ನಮ್ಮ ಭಾಷೆಗಳಲ್ಲಿ ಓದಿ ಹೇಳೋ ತಂತ್ರಾಂಶನೂ ಇತ್ತು. 2004ರಲ್ಲಿ ಅಮಿಡಾ ಹೆಸರಲ್ಲಿ ಮಾರಾಟಕ್ಕೆ ಬಂತು, ತಯಾರಿಸಿದ್ದು ನಮ್ಮ ಬಿಇಎಲ್. ಯಂತ್ರನ ಕೈಯಲ್ಲಿ ಹಿಡಿದು ಸ್ವಲ್ಪ ಅಲುಗಿಸಿದ್ರೆ ಪುಟ ಮಗುಚುತ್ತಿತ್ತು, ಐಫೋನ್ ಬರೋಕೆ ಇನ್ನೂ ಮೂರು ವರ್ಷ ಇತ್ತು ಆಗ.

ನಂಗೆ ಅದರಲ್ಲಿ ತುಂಬ ಇಷ್ಟ ಆಗೋದು ಸ್ಮಾರ್ಟ್‌ಕಾರ್ಡ್. ಹಳ್ಳಿಗೆ ಒಂದು ಯಂತ್ರ ಸಾಕು, ಆದ್ರೆ ಒಬ್ಬೊಬ್ಬರಿಗೂ ಅವರದೇ ಕಾರ್ಡ್, ತಮ್ಮ ಮಾಹಿತಿ ತಮ್ಮ ಕಾರ್ಡ್‌ನಲ್ಲಿ, ಹಾಕ್ಕೊಂಡು ಕೆಲಸ ಮುಗಿಸಿ ತಗೊಂಡು ಹೋಗೋದು. ಯಂತ್ರ ಯಾರದ್ದಾದ್ರೂ ಆಗ್ಲಿ, ಒಳಗಿನ ಮಾಹಿತಿ ಬಳಸೋರದ್ದು ಅಂತ ಅವರು ಅಷ್ಟು ಮುಂಚೇನೇ ಯೋಚನೆ ಮಾಡಿದ್ರು. ಅದು ಕೆಲವು ಸಾವಿರ ಯಂತ್ರಗಳಿಗೇ ನಿಂತುಹೋಯ್ತು ಅನ್ನೋದು ನೋವಿನ ಸಂಗತಿ. ಈಗಿನ ದೊಡ್ಡ ಕಂಪನಿಗಳು ಒಳಗೆ ಬರೋ ಬಾಗಿಲು ಅಗಲ ಮಾಡಿ, ಹೊರಗೆ ಹೋಗೋದನ್ನ ಕಿರಿದು ಮಾಡಿಟ್ಟಿರೋದು ನೋಡಿದಾಗ ಆ ಕಾರ್ಡ್ ನೆನಪಾಗುತ್ತೆ.

ಪ್ರಶ್ನೆ: ಪ್ಲೇಸ್ಟೋರ್‌ನಲ್ಲಿ ದುಡ್ಡು ಕೊಟ್ಟು ತಗೊಂಡ ಆಪ್‌ಗಳು ಐಫೋನ್‌ಗೆ ಬರ್ತವಾ? ವಚನ, ಭಾವಗೀತೆಗಳ ಎಂಪಿತ್ರೀ ಕೂಡ ಸುಮಾರಿವೆ.
(ಗೃಹಿಣಿ, ಮಂಗಳೂರು)

ಉತ್ತರ: ದುಡ್ಡು ಕೊಟ್ಟ ಆಪ್ ಬರಲ್ಲ, ಆಪಲ್ ಅಂಗಡಿಯಲ್ಲಿ ಮತ್ತೆ ಕೊಳ್ಳಬೇಕು. ತಿಂಗಳಿಗಿಷ್ಟು ಅಂತ ಚಂದಾ ಇದ್ರೆ ಅದನ್ನ ಪ್ಲೇಸ್ಟೋರ್‌ನಲ್ಲೇ ರದ್ದು ಮಾಡಿ, ಫೋನ್ ಬಿಟ್ರೆ ಚಂದಾ ನಿಲ್ಲಲ್ಲ, ದುಡ್ಡು ಕತ್ತರಿಸ್ತಾನೇ ಇರುತ್ತೆ. ಎಂಪಿತ್ರೀಗಳನ್ನ ಮೂವ್ ಟು ಐಓಎಸ್ ಮೇಲೆ ಬಿಡದೆ ಕಂಪ್ಯೂಟರ್‌ಗೆ ಕಾಪಿ ಮಾಡಿ, ಐಫೋನ್‌ನಲ್ಲಿ ವಿಎಲ್‌ಸಿ ಹಾಕಿ, ಅದರಲ್ಲೇ ವೈಫೈ ಮೂಲಕ ಫೈಲ್ ಕಳಿಸೋ ಸೌಲಭ್ಯ ಇದೆ, ಬಳಸಿ. ಐಫೋನ್‌ಗೆ ಮೆಮೊರಿ ಕಾರ್ಡ್ ಹಾಕೋ ಜಾಗ ಇಲ್ಲ, ಅದಕ್ಕೆ ಕಾರ್ಡ್‌ನಲ್ಲಿರೋ ಹಾಡು ಮರೀಬೇಡಿ.

ಪ್ರಶ್ನೆ: ಕಂಪ್ಯೂಟರ್‌ನಲ್ಲಿ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಕತೆಗಳು ಹೊಸ ಫೋನ್‌ನಲ್ಲಿ ಅರ್ಥವಾಗದ ಇಂಗ್ಲಿಷ್ ಥರ ಕಾಣ್ತವೆ. ಆಂಡ್ರಾಯ್ಡ್‌ನಲ್ಲೂ ಹಾಗೇ, ಐಫೋನ್‌ನಲ್ಲೂ ಹಾಗೇ.
(ಓದುಗರು, ಸಾಗರ)

ಉತ್ತರ: ಫೋನ್ ಬದಲಾಯಿಸಿದ್ರೆ ಇದು ಸರಿಹೋಗಲ್ಲ. ಹಳೇ ನುಡಿ, ಬರಹ ಫೈಲ್‌ಗಳಲ್ಲಿ ಒಳಗಿರೋದು ಇಂಗ್ಲಿಷ್ ಅಕ್ಷರದ ಸಂಕೇತಗಳೇ, ಆ ಫಾಂಟ್ ಇದ್ರೆ ಮಾತ್ರ ಅವು ಕನ್ನಡವಾಗಿ ಕಾಣ್ತವೆ. ಫೋನ್‌ಗಳು ಯುನಿಕೋಡ್ ಓದ್ತವೆ. ಕಂಪ್ಯೂಟರ್‌ನಲ್ಲಿ ಪರಿವರ್ತಕ ತಂತ್ರಾಂಶಗಳು ಉಚಿತವಾಗೇ ಸಿಗ್ತವೆ, ಅದರಲ್ಲಿ ಹಾಕಿ ಯುನಿಕೋಡ್ ಮಾಡ್ಕೊಳ್ಳಿ. ಅರ್ಕಾವೊತ್ತು, ಒತ್ತಕ್ಷರ ಇರೋ ಕಡೆ ತಪ್ಪು ಉಳೀಬಹುದು, ಒಂದ್ಸಲ ಕರಡು ತಿದ್ದಿ. ಮೂಲ ಫೈಲ್ ಅಳಿಸಬೇಡಿ.

ಪ್ರಶ್ನೆ: ನೋಕಿಯಾ ಲೂಮಿಯಾ ಇನ್ನೂ ಚೆನ್ನಾಗೇ ಇದೆ, ಬದಲಾಯಿಸಲೇಬೇಕಾ?
(ಓದುಗರು, ಕಲಬುರಗಿ)

ಉತ್ತರ: ಹೌದು ಸರ್. ವಿಂಡೋಸ್ ಫೋನ್ 8.1ಕ್ಕೆ 2017ರಲ್ಲಿ, ವಿಂಡೋಸ್ 10 ಮೊಬೈಲ್‌ಗೆ 2020ರ ಜನವರಿಯಲ್ಲಿ ಬೆಂಬಲ ನಿಂತಿದೆ, ವಾಟ್ಸಾಪ್ 2019ರ ಕೊನೆಗೇ ನಿಂತ್ಹೋಯ್ತು. ನಂಬರ್‌ಗಳು ಮೈಕ್ರೋಸಾಫ್ಟ್ ಖಾತೆಯಲ್ಲಿ ಇರ್ತವೆ, ಕಂಪ್ಯೂಟರ್‌ನಲ್ಲಿ ಔಟ್‌ಲುಕ್ ಸೈಟ್‌ಗೆ ಹೋಗಿ ಎಕ್ಸ್‌ಪೋರ್ಟ್ ಮಾಡಿ ಗೂಗಲ್‌ಗೆ ಹಾಕಿ. ಫೋಟೋ ಕೇಬಲ್‌ನಲ್ಲಿ ತೆಗೀರಿ.

ಪ್ರಶ್ನೆ: ಹೊಸ ಫೋನ್‌ಗೆ ಎಲ್ಲಾ ಬಂತು. ಹಳೇದನ್ನ ಯಾವಾಗ ಅಳಿಸಿ ಎಕ್ಸ್‌ಚೇಂಜ್‌ಗೆ ಕೊಡಬಹುದು?
(ಬ್ಯಾಂಕ್ ಉದ್ಯೋಗಿ, ಉಡುಪಿ)

ಉತ್ತರ: ಎಕ್ಸ್‌ಚೇಂಜ್‌ನಲ್ಲಿ ಒಂದೆರಡು ಸಾವಿರ ಕಮ್ಮಿ ಸಿಕ್ಕಿದ್ರೂ ಪರವಾಗಿಲ್ಲ, ಎರಡು ವಾರ ಹಳೇದು ಮನೆಯಲ್ಲೇ ಇರಲಿ. ಆ ಎರಡು ವಾರದಲ್ಲಿ ಹೊಸದರಲ್ಲೇ ಎಲ್ಲಾ ಕೆಲಸ ಮಾಡಿ ನೋಡಿ, ಬ್ಯಾಂಕ್ ಆಪ್, ಯುಪಿಐ, ಡಿಜಿಲಾಕರ್, ಆಫೀಸ್ ಈಮೇಲ್. ಎಲ್ಲಕ್ಕಿಂತ ಜನ ಮರೆಯೋದು ಅಥೆಂಟಿಕೇಟರ್ ಆಪ್, ಆರು ಅಂಕಿಯ ಕೋಡ್ ಕೊಡುತ್ತಲ್ಲ ಅದು. ಗೂಗಲ್‌ದಾದ್ರೆ ಹಳೇ ಫೋನ್‌ನಲ್ಲಿ ಟ್ರಾನ್ಸ್‌ಫರ್ ಒತ್ತಿದ್ರೆ ಕ್ಯೂಆರ್ ಬರುತ್ತೆ, ಹೊಸದರಲ್ಲಿ ಸ್ಕ್ಯಾನ್ ಮಾಡಿ, ಆಂಡ್ರಾಯ್ಡ್‌ನಿಂದ ಐಫೋನ್‌ಗೂ ಆಗುತ್ತೆ. ಇದನ್ನ ಮಾಡದೆ ಹಳೇದು ಅಳಿಸಿದ್ರೆ ಆಫೀಸ್ ಖಾತೆಯ ಹೊರಗೇ ನಿಂತ್ಕೋಬೇಕಾಗುತ್ತೆ.

ಫೋನ್ ಆಪ್‌ನ ಕಾಲ್ ರೆಕಾರ್ಡಿಂಗ್, ಕಂಪನಿಯ ಸ್ವಂತ ನೋಟ್ಸ್ ಆಪ್‌ನಲ್ಲಿ ಬರೆದಿದ್ದು, ಇವು ತಾವಾಗಿ ಬರಲ್ಲ, ಒಂದ್ಸಲ ಹುಡುಕಿ, ನೋಟ್ಸ್‌ನ ಪಿಡಿಎಫ್ ಮಾಡಿ ತಗೊಳ್ಳಿ. ಎಲ್ಲಾ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಹಳೇ ಫೋನ್‌ನಿಂದ ಮೊದಲು ಗೂಗಲ್ ಖಾತೆ, ಸ್ಯಾಮ್‌ಸಂಗ್ ಆದ್ರೆ ಸ್ಯಾಮ್‌ಸಂಗ್ ಖಾತೆನೂ ತೆಗೆದು, ಸ್ಕ್ರೀನ್ ಲಾಕ್ ತೆಗೆದು, ಆಮೇಲೆ ಸೆಟ್ಟಿಂಗ್ಸ್‌ನಿಂದ ಫ್ಯಾಕ್ಟರಿ ರೀಸೆಟ್ ಮಾಡಿ. ಖಾತೆ ತೆಗೆಯದೆ ಬೇರೆ ದಾರಿಯಲ್ಲಿ ರೀಸೆಟ್ ಮಾಡಿದ್ರೆ ಮತ್ತೆ ಆನ್ ಮಾಡುವಾಗ ನಿಮ್ಮ ಪಾಸ್‌ವರ್ಡೇ ಕೇಳುತ್ತೆ. ಸಿಮ್, ಮೆಮೊರಿ ಕಾರ್ಡ್ ಎರಡೂ ಹೊರಗೆ ತೆಗೆದ್ರಾ ನೋಡ್ಕೊಂಡು ಅಂಗಡಿಗೆ ಕೊಡಿ.